ನಿದ್ದೆಯಲ್ಲಿ ಕಲಿತ ಕುಸ್ತಿ

ಧಾರವಾಡದಲ್ಲಿ ಕುಸ್ತಿ ಕಲಿತವರು ನೂರಾರು ಜನ ಇರಬಹುದು. ಆದರೆ ಮಲಗಿಕೊಂಡು ಕಲಿತವರು ನಮ್ಮ ಮನೆಯವರೊಬ್ಬರೇ! ಸಾಲೆಯ ಮಾಸ್ತರರು. ಗೇಣಗಲದ ಎದೆ, ಅದರೊಳಗೆ ವರ್ಷವಿಡೀ ಕೆಮ್ಮು. "ಮೈ ಗಟ್ಟಿ ಮಾಡ್ಕೋರಿ ಮಾಸ್ತರ, ಇಲ್ಲಂದ್ರ ಭಾಳ ದಿನ ತಡ್ಯಾಂಗಿಲ್ಲ" ಎಂದು ಡಾಕ್ಟರು ಹೆದರಿಸಿದ ಮರುದಿನವೇ ಓಣಿಯ ಗರಡಿಮನೆಗೆ ಸೇರಿದರು. ಹುಬ್ಬಳ್ಳಿ, ಧಾರವಾಡ ಎರಡೂ ಕೂಡಿ ಒಂದೇ ಕಾರ್ಪೊರೇಶನ್ ಆದ ವರ್ಷ ಅದು. ಅವರಿಗೆ ಆಗಲೇ ನಲವತ್ತು.

ಸೇರಿದರು ಎಂದರೆ, ಹೋಗಿ ಕುಳಿತರು. ಒಂದು ತಿಂಗಳು ಬರೀ ನೋಡಿದರು. ಕುಸ್ತಿ ಕಲಿಸುವ ವಸ್ತಾದರು ಬೇಸತ್ತು, "ಇದೇನು ನಾಟಕ ಏನ್ರಿ, ಕುಂತು ನೋಡಾಕ?" ಎಂದರಂತೆ.

"ಮೊದಲ ಕಣ್ಣು ಕಲೀಬೇಕ್ರಿ. ಮಧ್ಯಾಹ್ನ ಮಲ್ಕೊಂಡಾಗ ಕಣ್ಣು ಮೈಗೆ ಹೇಳಿಕೊಡತೈತಿ."

"ಹಂಗಾರ ನಾಳಿಂದ ಹಾಸಿಗೀನೂ ತರ್ರಿ."

ನಿಜವಾದ ಪಾಠ ನಡೆಯುತ್ತಿದ್ದದ್ದು ನಮ್ಮ ನಡುಮನೆಯಲ್ಲಿ, ರವಿವಾರದ ಮಧ್ಯಾಹ್ನ. ಬೇವಿನ ನೆರಳು ಗೋಡೆಯ ಮೇಲೆ ತೂಗುತ್ತಿತ್ತು. ಚಾಪೆಯ ಮೇಲೆ ನಿದ್ದೆಹೋದವರ ಕೈ, ನೀರೊಳಗಿಂದ ಬಂದಂತೆ ನಿಧಾನವಾಗಿ ಮೇಲೆದ್ದು, ಗಾಳಿಯಲ್ಲಿ ಯಾರದೋ ಹೆಗಲನ್ನು ಹುಡುಕುತ್ತಿತ್ತು. ನಾನು ಜೋಳ ಹಸನು ಮಾಡುವುದನ್ನು ಬಿಟ್ಟು ನೋಡುತ್ತ ಕೂಡುತ್ತಿದ್ದೆ. ಆ ಹೊತ್ತಿನಲ್ಲಿ ಕೆಮ್ಮೂ ಬರುತ್ತಿರಲಿಲ್ಲ. ಅಲ್ಲಿ ಅವರು ಎಂಥ ಪೈಲ್ವಾನರಾಗಿದ್ದರೋ, ಯಾರಿಗೆ ಗೊತ್ತು?

ಒಮ್ಮೆ ಆ ಕೈಗೆ, ಪಕ್ಕದಲ್ಲಿ ಕುಳಿತಿದ್ದ ನಮ್ಮವ್ವನ ಕಾಲು ಸಿಕ್ಕಿತು.

"ಅಳಿಯಂದ್ರ, ಲಗ್ನದಾಗ ನಿಮ್ಮ ಕಾಲು ತೊಳದೀವಿ ಖರೇ. ಅದಕ್ಕ ನನ್ನ ಕಾಲು ಎಳೀತೀರೇನ್ರಿ?"

ಎಚ್ಚರಾದವರು ಬಿಡಲಿಲ್ಲ. "ಅತ್ತಿಯವರ, ಒಂದ ನಿಮಿಷ ಹಂಗ ಇರ್ರಿ. ಪಟ್ಟು ಈಗ ಸರಿ ಕುಂತೈತಿ."

ಎರಡನೆಯ ವರ್ಷವೂ ಮೂಲೆಯಲ್ಲಿ ಬೈಠಕ್ ಹೊಡೆದದ್ದಷ್ಟೇ, ಒಮ್ಮೆಯೂ ಕುಸ್ತಿ ಹಿಡಿಯದ್ದಕ್ಕೆ ವಸ್ತಾದರ ತಾಳ್ಮೆ ಮುಗಿಯಿತು. "ಪಂಚಮಿಗೆ ಗರಡಿ ಪೂಜಾ ಆದ ಮ್ಯಾಲೆ ಕುಸ್ತಿ ಹಿಡೀರಿ. ಗೆದ್ದರ ಇರ್ರಿ, ಸೋತರ ಮನಿ ಕಡೆ ನಡೀರಿ" ಎಂದುಬಿಟ್ಟರು. ಅಲ್ಲಿಗೆ ಹೋಗತೊಡಗಿದ ಮೇಲೆಯೇ ಅಲ್ಲವೆ ಕೆಮ್ಮು ಅರ್ಧಕ್ಕಿಳಿದದ್ದು? ಗರಡಿ ತಪ್ಪಿದರೆ ಮುಂದೇನು?

ಹೆಂಗಸರು ಗರಡಿಯೊಳಗೆ ಹೋಗುವಂತಿರಲಿಲ್ಲ. ಪಂಚಮಿಯ ದಿನ ನಮ್ಮ ಮನೆಯ ಹೊಸ್ತಿಲಲ್ಲೇ ಕಾಯುತ್ತ ಕುಳಿತೆ. ಕಿವಿ, ಹುಬ್ಬು, ಮೂಗಿನ ತುಂಬ ಕೆಂಪು ಮಣ್ಣು ತುಂಬಿಕೊಂಡು ಬಂದರು.

"ಏನಾತ್ರಿ?"

"ಗೆದ್ನಿ."

"ಹೆಂಗ?"

"ಅತ್ತಿಯವರಿಗೆ ಹಾಕಿದ ಪಟ್ಟು!"

ಆ ದಿನ ಅವರ ತಾಟಿಗೆ ಎರಡು ಉಂಡಿ ಹೆಚ್ಚಿಗೆ ಹಾಕಿದೆ. ಅವೆರಡನ್ನೂ ನನ್ನ ಕಡೆಗೇ ಸರಿಸಿದರು. ಗೆದ್ದ ಸಂಭ್ರಮಕ್ಕೆ ಹಸಿವಿಲ್ಲ ಎಂದುಕೊಂಡೆ.

ಮುಂದೆ ಐದು ವರ್ಷ ಒಂದು ದಿನವೂ ಗರಡಿ ತಪ್ಪಿಸಲಿಲ್ಲ. ಈ ಆಷಾಢದಲ್ಲಿ, ಮೂರು ದಿನದ ಜ್ವರಕ್ಕೆ, ಹೋಗಿಬಿಟ್ಟರು.

ವಸ್ತಾದರು ಮಾತನಾಡಿಸಲು ಬಂದರು. ನಾನೇ ಮಾತು ತೆಗೆದೆ. "ಆ ಪಂಚಮ್ಯಾಗ ಗೆದ್ದದ್ದನ್ನ ಭಾಳ ಸಲ ಹೇಳತಿದ್ರು."

ವಸ್ತಾದರು ತಲೆ ತಗ್ಗಿಸಿದರು.

"ಎಲ್ಲಿ ಗೆದ್ದಾರ್ರಿ ತಂಗಿ? ಕೈ ಕೂಡಿಸೂದರಾಗ ಬೆನ್ನು ಮಣ್ಣಿಗೆ ಹತ್ತಿತ್ತು. ಎದ್ದು ಕೈ ಮುಗದ್ರು. 'ಕುಸ್ತಿ ಬ್ಯಾಡ್ರಿ, ಮೂಲ್ಯಾಗ ಬೈಠಕ್ ಹೊಡಿಯಾಕರ ಬಿಡ್ರಿ. ನಾ ಲಗೂ ಹ್ವಾದರ ಆಕಿ ಒಬ್ಬಾಕೀನ ಆಗ್ತಾಳ' ಅಂದ್ರು."