ಅಂಬಾಸಿಡರಿನ ಬಾಲ

ಮನುಷ್ಯನಿಗೆ ವಯಸ್ಸಾದದ್ದು ಮುಖದಲ್ಲಿ ಗೊತ್ತಾಗುತ್ತದೆ, ಕಾರಿಗೆ ವಯಸ್ಸಾದದ್ದು ಹಿಂಭಾಗದಲ್ಲಿ. ಅಪ್ಪ ಬಿಟ್ಟುಹೋದ ನಮ್ಮ ಹಳೇ ಅಂಬಾಸಿಡರಿನ ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಉಕ್ಕಿನ ಕಮಾನುಗಳು ಸೋತು, ಬಾಲ ನೆಲದ ಕಡೆಗೂ ಮೂತಿ ಮುಗಿಲಿನ ಕಡೆಗೂ ಆಗಿ, ಹೋಳಿಗೆ ಊಟ ಹೆಚ್ಚಾದವರು ಗೋಡೆಗೆ ಒರಗಿ ಕೂತಂತೆ ನಿಲ್ಲುತ್ತಿತ್ತು. ನಿಜ ಹೇಳಲೇ? ನನಗದು ಇಷ್ಟವೇ ಆಗಿತ್ತು. ಕೊಪ್ಪಳ ದಾಟಿದರೆ ಸಾಕು, ಎದುರಿನ ಗಾಜಿನಲ್ಲಿ ರಸ್ತೆಗಿಂತ ಮೋಡಗಳೇ ಹೆಚ್ಚು ಕಾಣುತ್ತಿದ್ದವು. ಅವನ್ನು ನೋಡುತ್ತ ನೋಡುತ್ತ ಯಲಬುರ್ಗಾಕ್ಕೆ ಹೊರಟವನು ಕುಷ್ಟಗಿ ಮುಟ್ಟಿದ್ದೂ ಉಂಟು. ಹಿಂದಿನ ಸೀಟಿನಲ್ಲಿ ಅವ್ವ ತೊಟ್ಟಿಲಲ್ಲಿ ಹಾಕಿದಂತೆ ನಿದ್ದೆ ಹೋಗುತ್ತಿದ್ದಳು. ಅಮಾವಾಸ್ಯೆಗೊಮ್ಮೆ ಇರಕಲ್ಲಗಡಕ್ಕೆ ಹೋಗಿ ತನ್ನ ಅಕ್ಕನನ್ನು ನೋಡಿಬರುವುದು ಅವಳ ನೇಮ. ಮೊಣಕಾಲು ನೋವಿನವಳು, ಬಸ್ಸು ಹತ್ತುವುದಾಗುವುದಿಲ್ಲ. ಕುಸಿದ ಕಾರಾದರೆ ಮನೆಯ ಕಟ್ಟೆಯ ಮೇಲೆ ಕೂತಂತೆ ಕೂತುಬಿಡುತ್ತಿದ್ದಳು.

ಎಲ್ಲ ಕೆಡಿಸಿದ್ದು ಗಂಗಾವತಿಯ ಒಂದು ಮದುವೆ. ಛತ್ರದ ಮುಂದೆ ನಾನು ಇಳಿಯುತ್ತಿದ್ದಂತೆ ನಮ್ಮ ಕಚೇರಿಯವರೊಬ್ಬರು ನಾಲ್ಕು ಮಂದಿಗೆ ಕೇಳುವ ಹಾಗೆ, "ಏನ್ರಿ, ಡಿಕ್ಕ್ಯಾಗ ಭತ್ತ ತುಂಬ್ಕೊಂಡು ಬಂದೀರೇನು?" ಎಂದರು. ಡಿಕ್ಕಿ ಖಾಲಿ. ನನ್ನ ಮಾನ ಮಾತ್ರ ಅಲ್ಲೇ ಹೋಯಿತು. ಮರುದಿನವೇ ಕಾರನ್ನು ಭಾಗ್ಯನಗರದ ಮಿಸ್ತ್ರಿ ಹುಸೇನಸಾಬನ ಮುಂದೆ ನಿಲ್ಲಿಸಿದೆ. ಕಾರಟಗಿಯ ಅಕ್ಕಿ ಗಿರಣಿಗಳಿಗೆ ಚೀಲ ಹೊರುವ ಗಾಡಿಗಳನ್ನು ರಿಪೇರಿ ಮಾಡಿ ಹೆಸರು ಮಾಡಿದವನು ಅವನು. ಕೆಳಗೆ ಬಗ್ಗಿ ನೋಡಿ, "ಕಮಾನು ಕುಂತಾವ್ರಿ. ಕಾಯಿಸಿ ಬಡದು ಏರಸ್ತೀನಿ, ಮ್ಯಾಲ ಒಂದೊಂದು ದಪ್ಪನ ಪಟ್ಟಿ ಕೂಡಸ್ತೀನಿ. ಹತ್ತು ಚೀಲ ಹೇರ್ರಿ, ಜಪ್ಪಯ್ಯ ಅಂದ್ರೂ ಬಗ್ಗೂದಿಲ್ಲ" ಎಂದ. ಚೀಲ ಹೇರುವವನು ನಾನಲ್ಲಪ್ಪಾ ಎಂದು ಆಗಲೇ ಹೇಳಬೇಕಿತ್ತು. ಆದರೆ ನಾನು ಬೇವಿನ ನೆರಳಲ್ಲಿ ಕೂತು, ನೆಟ್ಟಗೆ ನಿಂತ ಕಾರಿನಿಂದ ಇನ್ನೊಂದು ಮದುವೆಯಲ್ಲಿ ಇಳಿಯುತ್ತಿರುವ ನನ್ನನ್ನೇ ಕಣ್ತುಂಬ ನೋಡುತ್ತಿದ್ದೆ.

ಕಾರು ಮನೆಗೆ ಬಂದದ್ದು ಹಗ್ಗ ಬಿಚ್ಚಿದ ಕರುವಿನ ಹಾಗೆ ಹಿಂಬದಿ ಎತ್ತಿಕೊಂಡು. ಈಗ ಗಾಜಿನಲ್ಲಿ ಮೋಡವಿಲ್ಲ, ಬರೀ ಡಾಂಬರು. ಇರಲಿ ಎಂದುಕೊಂಡೆ. ಅಮಾವಾಸ್ಯೆಯ ದಿನ ಅವ್ವ ಇಳಕಲ್ ಸೀರೆ ಉಟ್ಟು, ಅಕ್ಕನಿಗೆಂದು ಶೇಂಗಾ ಹೋಳಿಗೆ ಗಂಟು ಕಟ್ಟಿಕೊಂಡು ಬಂದಳು. ಬಾಗಿಲು ಹಿಡಿದು ಒಂದು ಕಾಲು ಎತ್ತಿದಳು, ಆಗಲಿಲ್ಲ. ಇನ್ನೊಂದು ಕಾಲು ಎತ್ತಿದಳು, ಅದೂ ಆಗಲಿಲ್ಲ. ಗಂಟನ್ನು ನನ್ನ ಕೈಗಿಟ್ಟು, "ನೀನ ಕೊಟ್ಟು ಬಾ. ನನಗ ಯಾಕೋ ಬರೂ ಮನಸ್ಸಿಲ್ಲ" ಎಂದಳು. ಮನಸ್ಸಿಲ್ಲದವಳು ನಸುಕಿನಲ್ಲೆದ್ದು ಹೋಳಿಗೆ ಮಾಡುತ್ತಾಳೆಯೇ? ಓಡಿಹೋಗಿ ಮಣೆ ತಂದಿಟ್ಟೆ. "ಓಣಿ ಮಂದಿ ಮುಂದ ಮಣಿ ಹಾಕ್ಕೊಂಡು ಹತ್ತಾಕ ನಾನೇನು ಮದುವಿ ಕುದರಿ ಹತ್ತಾಕತ್ತೀನೇನು?" ಎಂದಳು. ಅವಳ ಬಿಗುಮಾನ ನನಗೆ ಗೊತ್ತು, ನನ್ನದೂ ಅಲ್ಲಿಂದಲೇ ಬಂದದ್ದು.

ಮಿಸ್ತ್ರಿಗೆ ಫೋನು ಹಚ್ಚಿದೆ. "ಹೊಸಾದೈತಿ, ಬಿರುಸ ಇರತೈತ್ರಿ. ಹಿಂದ ಭಾರ ಹಾಕ್ರಿ, ತಾನ ಇಳೀತೈತಿ" ಎಂದ. ಪಕ್ಕದಲ್ಲೇ ನಿಂತು ಕೇಳುತ್ತಿದ್ದ ನನ್ನ ಹೆಂಡತಿ ಶಾರದಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಚೇರಿಯ ಕುರ್ಚಿಯಲ್ಲಿ ಕೂತು ಕೂತು ಬೆಳೆಸಿದ ದೇಹ ನನ್ನದು. "ನೀವ ಹಿಂದ ಕುಂಡರ್ರಿ" ಎಂದವಳೇ ಕೈಯಿಂದ ಕೀಲಿ ತೆಗೆದುಕೊಂಡಳು. ನಾನು ಹತ್ತಿ ಕೂತೆ. ಕಾರು ಕಿರ್ ಎಂದು ವಿನಯದಿಂದ ಕೆಳಗಿಳಿಯಿತು. ಹತ್ತು ಚೀಲಕ್ಕೆ ಬಗ್ಗದ ಕಮಾನು ನನಗೆ ಬಗ್ಗಿತು. ಅವ್ವ ಸಲೀಸಾಗಿ ಬಂದು ಪಕ್ಕದಲ್ಲಿ ಕೂತು, "ಗಾಡಿ ಭಾಳ ಛಲೋ ಮಾಡ್ಸೀದಿ ನೋಡು" ಎಂದು ಮೆಚ್ಚಿದಳು.

ಊರು ದಾಟುವುದರೊಳಗೆ ಅವ್ವ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಪಕ್ಕದ ಕಿಟಕಿಯಲ್ಲಿ ಮೋಡಗಳು ನಮ್ಮ ಜೊತೆಗೇ ಬರುತ್ತಿದ್ದವು. ಆದರೆ ಅವನ್ನು ನೋಡುತ್ತ ಮೈಮರೆಯುವಂತಿರಲಿಲ್ಲ. ಚೀಲಗಳಿಗೆಂದು ಮಾಡಿದ ಕಮಾನು, ಪ್ರತಿ ಗುಂಡಿಗೂ ನಮ್ಮನ್ನು ಎತ್ತಿ ಒಗೆಯುತ್ತಿತ್ತು. ಗುಂಡಿ ಬಂತೆಂದರೆ ನಾನು ಅಂಗೈಗಳನ್ನು ಸೀಟಿಗೆ ಊರಿ ತುಸು ಮೇಲೆದ್ದು, ಅವ್ವನ ತಲೆ ಕುಲುಕದಂತೆ ಮೆಲ್ಲಗೆ ಕೆಳಗಿಳಿಯುತ್ತಿದ್ದೆ.

ಶಾರದಾ ಕನ್ನಡಿಯಲ್ಲಿ ನನ್ನನ್ನು ನೋಡಿ, "ಏನ್ರಿ, ಹೊಸಾ ಕಮಾನು ಹೆಂಗ ಕೆಲಸ ಮಾಡಾಕತ್ತಾವು?" ಎಂದಳು.

ನಾನು ಮತ್ತೆ ಅಂಗೈಗಳನ್ನು ಸೀಟಿಗೆ ಊರಿದೆ. ಮುಂದೆ ಇನ್ನೊಂದು ಗುಂಡಿ ಬರುತ್ತಿತ್ತು.