ಮುಚ್ಚಳ ಹಾಕದ ಕುಂಕುಮದ ಡಬ್ಬಿ

ನನ್ನ ಭಾವನಿಗೆ ಪ್ರಾಣಕ್ಕಿಂತ ಡಬ್ಬಿಯ ಮುಚ್ಚಳ ದೊಡ್ಡದು. ಇದು ನನಗೆ ತಿಳಿದದ್ದು ಮೇ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಎರಡು ಗಂಟೆ ಹನ್ನೊಂದು ನಿಮಿಷಕ್ಕೆ. ಅಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂತೀರಾ? ಅವರ ಫೋಟೊ ತೆಗೆಯಲೆಂದು ನಾನು ಫೋನನ್ನೇ ನೋಡುತ್ತಿದ್ದೆ!

ಭಾವ ಅಂದರೆ ಅಕ್ಕನ ಗಂಡ. ಇಂಗ್ಲೆಂಡಿನ ಡರ್ಬಿಯಲ್ಲಿ ವಿಮಾನದ ಎಂಜಿನ್ ತಯಾರಿಸುವ ಎಂಜಿನಿಯರ್. ಶನಿವಾರ ಬಂತೆಂದರೆ ಬಲೆ ಹಿಡಿದು ಜಿಗಿಹುಳು ಹುಡುಕಲು ಹೊರಡುತ್ತಾರೆ. ಗಂಗಾವತಿಯಲ್ಲಿ ಅವರಪ್ಪ ಭತ್ತಕ್ಕೆ ಬಿದ್ದ ಜಿಗಿಹುಳುವಿಗೆ ಔಷಧಿ ಹೊಡೆದು ಹೊಡೆದು ಸುಸ್ತಾದವರು. ಮಗ ಇಲ್ಲಿ ಅವುಗಳಿಗೆ ಬರ್ತ್‌ಡೇ ಮಾಡುವುದೊಂದು ಬಾಕಿ!

ಅವರ ಹಂಬಲವೆಲ್ಲ ಗೋಡೆಗೆ ಹಬ್ಬುವ ಐವಿ ಬಳ್ಳಿಯ ಮೇಲಿರುವ ಒಂದು ಮರಿ ಜಿಗಿಹುಳುವಿನದು. ಎಳ್ಳುಕಾಳಿನಷ್ಟು ಗಾತ್ರ, ಬಾಲದಲ್ಲಿ ಬಿಳಿ ಕುಚ್ಚು, ಹಿಂಗಾಲುಗಳ ಬುಡದಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲುಗಳು, ಥೇಟ್ ಯಂತ್ರದ ಗೇರಿನಂತೆ!

"ನಮ್ಮ ಫ್ಯಾಕ್ಟರೀಲಿ ಒಂದು ಗೇರ್‌ಗೆ ಹದಿನಾಲ್ಕು ಮೀಟಿಂಗ್ ಆಗುತ್ತೆ ಕಣೇ. ಇದು ಒಂದೂ ಮೀಟಿಂಗ್ ಇಲ್ದೆ ಹುಟ್ಟಿಬಿಟ್ಟಿದೆ!"

ಹುಳು ಹಿಡಿಯಲು ಅಂಗಡಿಯಲ್ಲಿ ಡಬ್ಬಿ ಸಿಗುವುದಿಲ್ಲವೇ? ಸಿಗುತ್ತದೆ. ಭಾವನಿಗೆ ಮಾತ್ರ ಅಕ್ಕನ ಹಳೆಯ ಕುಂಕುಮದ ಡಬ್ಬಿಯೇ ಆಗಬೇಕು. ಹೋದ ವರ್ಷ ಅದರಲ್ಲಿ ಹಿಡಿದು ತಂದ ಒಂದು ಸಾಮಾನ್ಯ ಜಿಗಿಹುಳು ಮನೆಗೆ ಬರುವಷ್ಟರಲ್ಲಿ ಕಡುಕೆಂಪಾಗಿತ್ತು. ಫೋಟೊ ನೋಡಿ ಮ್ಯಾಕಲ್ಸ್‌ಫೀಲ್ಡಿನಿಂದ ವಯಸ್ಸಾದ ಕೀಟತಜ್ಞರೊಬ್ಬರು ಹೊಸ ಜಾತಿಯೇ ಇರಬೇಕೆಂದು ಮೂರು ಭೂತಗನ್ನಡಿ ಹೊತ್ತು ಓಡಿ ಬಂದರು. ಅಕ್ಕ ಚಹಾ ಕೊಡುತ್ತಾ ಇಣುಕಿದಳು.

"ರೀ, ಡಬ್ಬಿ ತೊಳೆದಿದ್ರಾ?"

ಭಾವ ಡಬ್ಬಿಯೊಳಗೆ ಬೆರಳಾಡಿಸಿದರು, ಬೆರಳೂ ಕೆಂಪಾಯಿತು. ತಜ್ಞರು ಚಹಾ ಕುಡಿದರು, ಎರಡು ಚಕ್ಕುಲಿ ತಿಂದರು, ಹೊರಟುಹೋದರು.

ಈಗ ಆ ಶನಿವಾರಕ್ಕೆ ಬರುತ್ತೇನೆ. ಭಾವ ಕಾಲುವೆಯ ಪಕ್ಕದ ಹಳೆಯ ಇಟ್ಟಿಗೆ ಗೋಡೆ ಹತ್ತಿದ್ದರು. ಕೆಳಗೆ ನೀರು ತುಂಬಿ, ಬಸಿದು ದೋಣಿಗಳನ್ನು ಏರಿಸಿ ಇಳಿಸುವ ‘ಲಾಕ್’ ಎಂಬ ಆಳದ ತೊಟ್ಟಿ. ನೀರು ಬಸಿದರೆ ಕಲ್ಲು ಕಟ್ಟಿದ ಬಾವಿ. ಅವತ್ತು ಬಸಿದಿತ್ತು.

"ಸಿಕ್ತು! ಕುಚ್ಚು ಕಾಣ್ತಿದೆ!"

ಅಂದದ್ದಷ್ಟೇ. ಐವಿ ಚರಚರನೆ ಗೋಡೆಯಿಂದ ಕಿತ್ತುಬಂತು. ಭಾವ ಒಂದೇ ಕೈಯಲ್ಲಿ ಬಳ್ಳಿಗೆ ಜೋತುಬಿದ್ದರು. ಇನ್ನೊಂದು ಕೈಯಲ್ಲಿ ಡಬ್ಬಿ!

"ಭಾವಾ, ಡಬ್ಬಿ ಬಿಡಿ! ಎರಡೂ ಕೈಯಲ್ಲಿ ಹಿಡ್ಕೊಳ್ಳಿ!"

"ಮುಚ್ಚಳ ಹಾಕಿಲ್ಲ ಕಣೇ, ಹೊರಟುಹೋಗುತ್ತೆ!"

"ನೀವೇ ಹೋಗ್ತೀರಾ!"

ದೋಣಿಯಿಂದಿಳಿದ ಅಜ್ಜಿಯೊಬ್ಬರು ಉದ್ದನೆಯ ಕೊಕ್ಕೆಗೋಲನ್ನು ಭಾವನ ಬೆಲ್ಟಿಗೆ ಸಿಕ್ಕಿಸಿ, "ಹೋಲ್ಡ್ ಸ್ಟಿಲ್, ಡಕ್!" ಅನ್ನುತ್ತಾ ಎಳೆದರು. ‘ಡಕ್’ ಅಂದರೆ ಡರ್ಬಿಯವರ ಬಾಯಲ್ಲಿ ನಮ್ಮ ‘ಮರಿ’ ಇದ್ದಂತೆ. ನಾನು ತೋಳು ಹಿಡಿದು ಜಗ್ಗಿದೆ. ದಡ ಸೇರಿದ ಭಾವ ಮೊದಲು ನೋಡಿದ್ದು ಡಬ್ಬಿಯೊಳಗೆ. ಖಾಲಿ!

ನಗುತ್ತಾ ಬರೆಯುತ್ತಿದ್ದೇನೆ, ನಿಜ. ಆದರೆ ಮೂರು ವಾರ ನನಗೆ ನಿದ್ದೆಯಿಲ್ಲ, ಕಣ್ಣು ಮುಚ್ಚಿದರೆ ಸಾಕು, ಅದೇ ಚರಚರ ಸದ್ದು. ಅಕ್ಕ ಗಂಡನ ಜೊತೆ ಮಾತು ಬಿಟ್ಟಳು. ಭಾವ ಬಲೆಯನ್ನು ಅಟ್ಟಕ್ಕೆ ಹಾಕಿ, ಶನಿವಾರ ಟೀವಿಯಲ್ಲಿ ಕ್ರಿಕೆಟ್ ನೋಡತೊಡಗಿದರು. ಸ್ಕೋರ್ ಎಷ್ಟು ಎಂದರೆ ಗೊತ್ತಿಲ್ಲ!

ನಾಲ್ಕನೇ ಭಾನುವಾರ ನಾನು ಅವರ ಮನೆಗೆ ಹೋದಾಗ ಅಕ್ಕ ಡಬ್ಬಿಯನ್ನು ಚೆನ್ನಾಗಿ ತೊಳೆದು, ಮುಚ್ಚಳ ಬೀಳದಂತೆ ಬಿಗಿದು, ದಾರ ಪೋಣಿಸುತ್ತಿದ್ದಳು. ಗಂಡನನ್ನು ಕರೆದು ಕೊರಳಿಗೆ ಹಾಕಿ, ಹಿಂದಿನಿಂದ ಮೂರು ಗಂಟು ಹಾಕಿದಳು.

"ಇನ್ಮೇಲೆ ಇದು ಇಲ್ಲೇ ಇರ್ಲಿ. ಎರಡೂ ಕೈ ಗೋಡೆಗೆ. ನಡೀರಿ, ನಾನೂ ಬರ್ತೀನಿ."

ಭಾವ ಅಟ್ಟದಿಂದ ಬಲೆ ಇಳಿಸಿದರು.

ಸಂಜೆ ನಾನು ಮನೆಗೆ ಮರಳಿದ ಮೇಲೆ ಅಕ್ಕನಿಂದ ಒಂದು ಫೋಟೊ ಬಂತು. ಐವಿಯೊಳಗೆ ಮುಖ ಹುದುಗಿಸಿ ನಿಂತ ಭಾವ, ಅವರ ಜರ್ಕಿನ್ನನ್ನು ಹಿಂದಿನಿಂದ ಬಿಗಿಯಾಗಿ ಹಿಡಿದ ಅಕ್ಕನ ಮುಷ್ಟಿ.

"ಹುಳು ಸಿಕ್ತಾ?" ಎಂದು ಕೇಳಿದೆ.

"ಇನ್ನೂ ಇಲ್ಲ. ನಾನು ಹಿಡ್ಕೊಂಡಿದೀನಿ. ನೀನು ಮಲ್ಕೋ."

ಆ ಭಾನುವಾರ ಮಲಗಿದವಳು ಎದ್ದದ್ದು ಸೋಮವಾರ ಬೆಳಿಗ್ಗೆ ಏಳೂವರೆಗೆ.