ವೈಟ್‌ಫೀಲ್ಡಿಗೆ ಹೋದ ಹುಲ್ಲು ಕೊಯ್ಯುವ ಯಂತ್ರ

ಯಂತ್ರವನ್ನು ಅಳತೆಗೆ ತಂದು ನಿಲ್ಲಿಸಬಹುದು. ಅದರ ಸುತ್ತ ನಿಲ್ಲುವವರನ್ನು ತರಲಾಗುವುದಿಲ್ಲ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

ಬಿ.ಎಸ್ಸಿ. ಮುಗಿಸಿ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿಗೆ ಸೇರಿದೆ. ಹುಲ್ಲು ಕೊಯ್ಯುವ ಯಂತ್ರಗಳ ಮಾರಾಟ, ರಿಪೇರಿ ನಮ್ಮ ಕೆಲಸ. ಯಂತ್ರದ ಮುಂದೆ ನೆಲಕ್ಕೆ ಹತ್ತಿರವಾಗಿ ಒಂದು ಉದ್ದನೆಯ ಪಟ್ಟಿ ಇರುತ್ತದೆ. ಅದರಿಂದ ಕಬ್ಬಿಣದ ಬೆರಳುಗಳು ಸಾಲಾಗಿ ಮುಂದಕ್ಕೆ ಚಾಚಿಕೊಂಡಿರುತ್ತವೆ. ಅವುಗಳ ನಡುವೆ ಹಲ್ಲುಗಳಿರುವ ಬ್ಲೇಡು ಎಡಕ್ಕೂ ಬಲಕ್ಕೂ ಓಡಾಡಿ ಹುಲ್ಲನ್ನು ಕತ್ತರಿಸುತ್ತದೆ. ಕಟಿಂಗ್ ಶಾಪಿನ ಟ್ರಿಮ್ಮರನ್ನು ದೊಡ್ಡದು ಮಾಡಿದರೆ ಹೀಗೇ ಇರುತ್ತದೆ.

ವೈಟ್‌ಫೀಲ್ಡಿನ ಒಂದು ಐಟಿ ಕ್ಯಾಂಪಸ್‌ನವರು ಇಂಥದೊಂದನ್ನು ಟ್ರಯಲ್‌ಗೆ ಕೇಳಿದರು. ಓನರ್ ಅದನ್ನು ನನಗೆ ವಹಿಸಿದರು. ಕ್ಯಾಂಪಸ್‌ನವರು ಒಪ್ಪಿದರೆ ನನ್ನ ಕೆಲಸ ಖಾಯಂ, ಒಪ್ಪದಿದ್ದರೆ ಬೇರೆ ಕಡೆ ನೋಡಿಕೊಳ್ಳಬೇಕು ಎಂದೂ ಹೇಳಿದರು.

ಆಯುಧಪೂಜೆ

ಈ ಯಂತ್ರದಲ್ಲಿ ಮುಖ್ಯವಾದದ್ದು ಬ್ಲೇಡಿನ ಸಡಿಲ. ಮೇಲಿಂದ ಒತ್ತಿಹಿಡಿಯುವ ಕ್ಲಿಪ್ಪು ಬಿಗಿಯಾದರೆ ಬ್ಲೇಡು ಬಿಸಿಯಾಗುತ್ತದೆ, ಸಡಿಲವಾದರೆ ಹುಲ್ಲನ್ನು ಕತ್ತರಿಸದೆ ಜಗಿಯುತ್ತದೆ. ಹಬ್ಬದ ಹಿಂದಿನ ದಿನ ಕೂತು ಒಂದೊಂದೇ ಕ್ಲಿಪ್ಪನ್ನು ಸರಿಮಾಡಿ, ಬ್ಲೇಡು ಕೈಯಲ್ಲೇ ಸರಿಯುವಂತೆ ಮಾಡಿ ಮನೆಗೆ ಹೋದೆ.

ನಮ್ಮಲ್ಲಿ ಆಯುಧಪೂಜೆಗೆ ಎಲ್ಲ ಯಂತ್ರಗಳಿಗೂ ಹೊಸ ಬಣ್ಣ ಹೊಡೆಯುವ ಪದ್ಧತಿ. ರಜೆ ಮುಗಿಸಿ ಬಂದು ನೋಡಿದರೆ ಪಟ್ಟಿ, ಬೆರಳು, ಬ್ಲೇಡು ಎಲ್ಲವೂ ಒಂದೇ ಹಸಿರು. ಮೇಲೆ ಮೂರೆಳೆ ವಿಭೂತಿ. ಬ್ಲೇಡನ್ನು ತಳ್ಳಿದೆ, ಸರಿಯಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿದೆ, ಬೆಲ್ಟು ಸುಟ್ಟ ವಾಸನೆ ಬಂತು. ಥಿನ್ನರ್ ಡಬ್ಬ ಹಿಡಿದು ಸಂಜೆಯವರೆಗೂ ಉಜ್ಜಿದೆ.

ಬಾಕಿ ಕೆಲಸಕ್ಕೆಂದು ಬಂದ ಪೇಂಟರ್ ನನ್ನ ಕೆಲಸ ನೋಡಿ ಬೇಜಾರು ಮಾಡಿಕೊಂಡ.

"ಎಂಥಾ ಕೆಲಸ ಮಾಡ್ಬಿಟ್ರಿ ಸಾರ್. ಎರಡು ಕೋಟ್ ಹೊಡೆದಿದ್ದೆ. ಜಪ್ಪಯ್ಯ ಅಂದ್ರೂ ಅಲ್ಲಾಡ್ತಿರ್ಲಿಲ್ಲ."

ಬಸ್ಸಿನಲ್ಲಿ ಬ್ಲೇಡು

ಯಂತ್ರ ಕ್ಯಾಂಪಸ್ ಸೇರಿತು. ಅಲ್ಲಿ ಅದನ್ನು ಓಡಿಸಲು ಕೊಪ್ಪಳದ ಕಡೆಯ ಒಬ್ಬ ಆಪರೇಟರ್ ಇದ್ದ. ಮೊದಲ ವಾರವೇ ಬ್ಲೇಡಿಗೆ ಕಲ್ಲು ಹೊಡೆದು ಹಲ್ಲುಗಳು ಮುರಿದವು. ಹೊಸ ಬ್ಲೇಡನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ ಹತ್ತಿದೆ. ಒಂದಾಳಿನಷ್ಟು ಉದ್ದ. ಹಲ್ಲುಗಳು ಚೀಲವನ್ನು ಚುಚ್ಚಿ ಹೊರಗೆ ಇಣುಕುತ್ತಿದ್ದವು.

ಕಂಡಕ್ಟರ್ ಬಂದು ಏನು ಸಾರ್ ಇದು ಎಂದ. ಬ್ಲೇಡು ಎಂದೆ.

"ಯಾರಿಗೆ?"

"ಹುಲ್ಲಿಗೆ."

ಆತ ಲಗೇಜಿನ ಮಾತೆತ್ತದೆ ಮುಂದೆ ಹೋದ. ಮಾರತ್ತಹಳ್ಳಿಯಲ್ಲಿ ಬಸ್ಸು ತುಂಬಿ, ಜನ ಬಾಗಿಲಲ್ಲಿ ನೇತಾಡಿದರು. ನನ್ನ ಸುತ್ತ ಮಾತ್ರ ಒಂದು ಮಂಚ ಹಾಕುವಷ್ಟು ಜಾಗ ಖಾಲಿ ಇತ್ತು. ಕಿಟಕಿಯ ಪಕ್ಕದ ಸೀಟಿನ ಹುಡುಗನೊಬ್ಬನೇ ಏಳಲಿಲ್ಲ. ಕಾಲು ಚಾಚಿ, ಲ್ಯಾಪ್‌ಟಾಪ್ ತೆರೆದು ಆರಾಮಾಗಿ ಕೆಲಸ ಮಾಡಿದ. ನಾನು ಇಳಿಯುವಾಗ ಮೆಲ್ಲಗೆ ಕೇಳಿದ.

"ಸಾರ್, ನಾಳೆನೂ ಇದೇ ಬಸ್ಸಿಗೆ ಬರ್ತೀರಾ?"

ಸೇಫ್ಟಿ

ಕ್ಯಾಂಪಸ್‌ನ ಸೂಪರ್‌ವೈಸರ್ ಬಹಳ ಎಚ್ಚರಿಕೆಯ ಮನುಷ್ಯ. ಸೇಫ್ಟಿ ವೀಕ್ ಬಂತು. ಯಂತ್ರದ ಬೆರಳುಗಳು ಚೂಪಾಗಿವೆ, ಯಾರಿಗಾದರೂ ಚುಚ್ಚಿದರೆ ಯಾರು ಜವಾಬ್ದಾರಿ ಎಂಬ ಚಿಂತೆ ಅವರನ್ನು ಹಿಡಿಯಿತು. ಕ್ರಿಕೆಟ್ ಆಡುವವರ ಹತ್ತಿರ ಹಳೆಯ ಟೆನ್ನಿಸ್ ಚೆಂಡುಗಳನ್ನು ತರಿಸಿ, ತೂತು ಮಾಡಿಸಿ, ಒಂದೊಂದು ಬೆರಳಿಗೂ ಒಂದೊಂದು ಸಿಕ್ಕಿಸಿದರು.

ನಾನು ಹೋದಾಗ ಯಂತ್ರ ಓಡುತ್ತಿತ್ತು. ಚೆಂಡಿನ ಸಾಲು ಮುಂದೆ ಹೋದಂತೆ ಹುಲ್ಲು ತಲೆ ಬಾಗುತ್ತಿತ್ತು, ಅದು ಹೋದ ಮೇಲೆ ನಿಧಾನಕ್ಕೆ ಎದ್ದು ನಿಲ್ಲುತ್ತಿತ್ತು. ಸೂಪರ್‌ವೈಸರ್‌ಗೆ ತೃಪ್ತಿಯಾಗಿತ್ತು. ಈಗ ಯಾರಿಗೂ ಏನೂ ಆಗಲ್ಲ ಎಂದರು.

ಆಪರೇಟರ್ ಎಂಜಿನ್ ನಿಲ್ಲಿಸಿ, ಬೆವರು ಒರೆಸಿಕೊಂಡು ಹೇಳಿದ:

"ಹೌದ್ರೀ ಸರ. ಹುಲ್ಲಿಗೂ ಏನೂ ಆಗಂಗಿಲ್ಲ."

ಸಾಹೇಬರು ಬಂದ ದಿನ

ಟ್ರಯಲ್ ಒಪ್ಪುವುದು ಬಿಡುವುದು ಕ್ಯಾಂಪಸ್‌ನ ಮ್ಯಾನೇಜರ್ ಕೈಯಲ್ಲಿತ್ತು. ಕಟ್ಟಡದ ಹಿಂದಿನ ಬಯಲಿನಲ್ಲಿ ಯಂತ್ರ ಓಡುವುದನ್ನು ಅವರು ಕಣ್ಣಾರೆ ನೋಡುತ್ತೇನೆ ಎಂದಿದ್ದರು. ಹಿಂದಿನ ದಿನ ನಾನು ಬ್ಲೇಡಿಗೆ ಸಾಣೆ ಹಿಡಿದೆ. ಚೆಂಡುಗಳನ್ನು ಕಿತ್ತು ಬೆರಳುಗಳ ಬೋಲ್ಟು ಬಿಗಿದೆ. ಬ್ಲೇಡು ಕೊನೆಗೆ ಸರಿದಾಗ ಪ್ರತಿ ಹಲ್ಲೂ ಬೆರಳಿನ ನಡುವಿಗೆ ಸರಿಯಾಗಿ ನಿಲ್ಲುವಂತೆ ಮಾಡಿದೆ. ಮೊಣಕಾಲೆತ್ತರದ ಹುಲ್ಲು ನೋಡಿ, ಇಷ್ಟು ಸಾಕು ಎಂದು ಸಮಾಧಾನದಿಂದ ಹೋದೆ.

ಬೆಳಿಗ್ಗೆ ಬಂದರೆ ಬಯಲು ಆಗತಾನೇ ಶೇವ್ ಮಾಡಿಸಿಕೊಂಡ ಕೆನ್ನೆಯಂತಿತ್ತು. ಏನೆಂದು ಕೇಳುವಷ್ಟರಲ್ಲಿ ಮ್ಯಾನೇಜರ್ ಬಂದುಬಿಟ್ಟರು. ಬಯಲು ನೋಡಿ ತಲೆದೂಗಿದರು. ಫಿನಿಶಿಂಗ್ ಚೆನ್ನಾಗಿದೆ, ಮೀಟಿಂಗಿನಲ್ಲಿದ್ದೆ, ಒಂಚೂರೂ ಸದ್ದು ಕೇಳಿಸಲಿಲ್ಲ ಎಂದು ಹೊಗಳಿದರು.

ಯಂತ್ರವನ್ನು ಇನ್ನೂ ಸ್ಟಾರ್ಟೇ ಮಾಡಿಲ್ಲ ಎಂದೆ.

ಅವರು ಸೂಪರ್‌ವೈಸರ್ ಕಡೆ ತಿರುಗಿದರು.

"ನೀವು ನೋಡೋಕೆ ಬರ್ತೀರ ಅಂದ್ರಲ್ಲ ಸಾರ್," ಎಂದರು ಸೂಪರ್‌ವೈಸರ್. "ಅದಕ್ಕೇ ಹೌಸ್‌ಕೀಪಿಂಗ್‌ನವರನ್ನ ಬಿಟ್ಟು ಕ್ಲೀನ್ ಮಾಡಿಸ್ದೆ."

ಬೇರೆ ಎಲ್ಲಾದರೂ ಹುಲ್ಲು ಉಳಿದಿದೆಯೇ ಎಂದು ಮ್ಯಾನೇಜರ್ ಕೇಳಿದರು. ಇಡೀ ಕ್ಯಾಂಪಸ್‌ನಲ್ಲಿ ಒಂದು ಎಸಳೂ ಇಲ್ಲ ಎಂದು ಸೂಪರ್‌ವೈಸರ್ ಹೆಮ್ಮೆಯಿಂದ ಹೇಳಿದರು. ಹುಲ್ಲು ಬಂದ ಮೇಲೆ ಕರೆಯಿರಿ ಎಂದು ಮ್ಯಾನೇಜರ್ ಹೊರಟುಹೋದರು.

ಓನರ್‌ಗೆ ಫೋನ್ ಮಾಡಿ, ನನ್ನ ಕೆಲಸದ ವಿಷಯ ತೀರ್ಮಾನವಾಗಬೇಕಾದರೆ ಹುಲ್ಲು ಬೆಳೆಯಬೇಕು ಎಂದು ವಿವರಿಸಿದೆ. ಅವರು ಹೇಳಿದರು:

"ಹಾಗಾದ್ರೆ ಹೋಗಿ ನೀರು ಹಾಕು."

ಹಾಕಿದೆ. ಪೀಣ್ಯದಿಂದ ಬಸ್ಸಿನಲ್ಲಿ ಬಂದು, ಪೈಪ್ ಹಿಡಿದು, ವಾರಗಟ್ಟಲೆ ಹಾಕಿದೆ. ಹುಲ್ಲು ಮತ್ತೆ ಮೊಣಕಾಲು ಮುಟ್ಟಿತು. ಮ್ಯಾನೇಜರ್ ಸೋಮವಾರ ಬರುತ್ತೇನೆಂದು ಹೇಳಿ ಕಳಿಸಿದರು. ನಿನ್ನೆ ಕೊನೆಯ ಸಲ ನೀರು ಹಾಯಿಸುತ್ತಿದ್ದೆ. ಸೂಪರ್‌ವೈಸರ್ ಪಕ್ಕದಲ್ಲಿ ಬಂದು ನಿಂತರು. ಹುಲ್ಲನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೆ ಹುಲ್ಲನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಬೇಜಾರು ಮಾಡ್ಕೋಬೇಡಿ ಸಾರ್. ಸೋಮವಾರ ಸಾಹೇಬ್ರು ಬರ್ತಾರೆ. ಅಷ್ಟರೊಳಗೆ ಇದನ್ನ ಸ್ವಲ್ಪ ಕ್ಲೀನ್ ಮಾಡಿಸ್ಬಿಡ್ಲಾ?"